ಗೇಟು ಬಿಟ್ಟ ದಿನ ಮೀನಿಗೆ ಹೋಗಬೇಡಿ

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ನೀರು ಬಿಟ್ಟ ಸುದ್ದಿ ಟಿವಿಯಲ್ಲಿ ಬಂತೆಂದರೆ ನನ್ನ ಮೊಬೈಲಿಗೆ ಬಿಡುವಿಲ್ಲ. ಕಲಬುರಗಿಯಿಂದ, ಯಾದಗಿರಿಯಿಂದ, ಕೆಲವೊಮ್ಮೆ ಬೀದರಿನಿಂದಲೂ ಕರೆ. ಎಲ್ಲರದೂ ಒಂದೇ ಬೇಡಿಕೆ: "ಅಣ್ಣಾ, ಭಾನುವಾರ ಗಾಡಿ ಬೇಕು. ನೀರು ನೋಡಿ, ಅಲ್ಲೇ ಹೊಳೆ ಮೀನು ತಿಂದು ಬರೋಣ." ಗಾಡಿ ಕೊಡುತ್ತೇನೆ, ನೀರನ್ನೂ ತೋರಿಸುತ್ತೇನೆ. ಮೀನಿನ ವಿಷಯಕ್ಕೆ ಬಂದಾಗ ಮಾತ್ರ, ಆ ದಿನ ಬೇಡ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬನ್ನಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ. ಹಾಗೆ ಕೇಳದೆ ಬಂದವರಿಗೂ ಒಂದು ಒಳ್ಳೆಯ ಊಟ ದಕ್ಕಿಸಿಕೊಡುವ ದಾರಿಗಳನ್ನು ನಾನೇ ಹುಡುಕಿಕೊಂಡಿದ್ದೇನೆ.

ನಾನು ಶಹಾಪುರದವನು, ಬಾಡಿಗೆ ಕಾರು ನಡೆಸುತ್ತೇನೆ. ನಮ್ಮೂರಿನ ಮಲಗಿದ ಬುದ್ಧನ ಬೆಟ್ಟ, ಸುರಪುರದ ಟೇಲರ್ ಮಂಜಿಲ್, ಅಲ್ಲಿಂದ ಹುಣಸಗಿ ಮೇಲೆ ಹಾದು ನಾರಾಯಣಪುರ, ಇದು ನನ್ನ ಕಾಯಂ ಸುತ್ತು. ಸುತ್ತಿನ ಕೊನೆಗೆ ಮಧ್ಯಾಹ್ನದ ಊಟ. ಆ ಊಟಕ್ಕೆ ಎಲ್ಲರೂ ಕೇಳುವುದು ನೀರಿನ ಅಂಚಿನಲ್ಲಿರುವ ಹಳೆಯ ಮೀನಿನ ಹೋಟೆಲನ್ನು. ಅದರ ಹೆಸರು ಬರೆಯುವುದಿಲ್ಲ, ಹೋದವರಿಗೆ ಗೊತ್ತಾಗುತ್ತದೆ. 1982ರಲ್ಲಿ ಅಣೆಕಟ್ಟು ಮುಗಿಯುವ ಮುಂಚೆ, ಕಾಮಗಾರಿಯ ಕೂಲಿಗಳಿಗೆ ರೊಟ್ಟಿ ಸಾರು ಹಾಕುತ್ತಿದ್ದ ಗುಡಿಸಲು ಅದು ಎಂದು ಈಗಿನ ಯಜಮಾನರು ಹೇಳುತ್ತಾರೆ. ಈಗ ತಗಡಿನ ಚಾವಣಿ, ಹೊಳೆಯ ಕಡೆಗೆ ಕಬ್ಬಿಣದ ಕಟಾಂಜನ, ಅದಕ್ಕೆ ಒರಗಿಕೊಂಡು ಫೋಟೊ ತೆಗೆಸಿಕೊಳ್ಳುವ ಜನ, ಗೋಡೆಯ ಮೇಲೆ ಆಳೆತ್ತರದ ಸಿಗಡಿಯ ಚಿತ್ರ.

ಇಂಥ ಹೋಟೆಲುಗಳಲ್ಲಿ ಗಿರಾಕಿಗಳನ್ನು ಕರೆತಂದ ಚಾಲಕನಿಗೆ ಊಟ ಬಿಟ್ಟಿ. ನಾನು ದುಡ್ಡು ಕೊಟ್ಟೇ ಉಣ್ಣುತ್ತೇನೆ. ದೊಡ್ಡತನಕ್ಕಲ್ಲ. ಬಿಟ್ಟಿ ಉಂಡವನು ತಕ್ಕಡಿಯ ಕಡೆ ನೋಡುವ ಹಾಗಿಲ್ಲ, ನನಗೆ ತಕ್ಕಡಿ ನೋಡದಿದ್ದರೆ ಊಟ ರುಚಿಸುವುದಿಲ್ಲ.

ಗೇಟು ಬಿಟ್ಟ ದಿನ ಯಾಕೆ ಬೇಡ ಎನ್ನುತ್ತೇನೆ? ಹತ್ತು ಕಿಲೋಮೀಟರಿಗೂ ಉದ್ದದ ಈ ಅಣೆಕಟ್ಟಿಗೆ 30 ಗೇಟುಗಳಿವೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದು, ಆಲಮಟ್ಟಿಯಿಂದ ನೀರು ಇಳಿದು ಬಂದಾಗ ಒಂದೊಂದಾಗಿ ಎತ್ತುತ್ತಾರೆ. ಆಗ ಹೊಳೆಯ ಬಣ್ಣ ಕೆಂಪು, ಸೆಳೆತ ಭಯಂಕರ. ಕೆಳಗಡೆ ಕೊಳ್ಳೂರು (ಎಂ) ಸೇತುವೆ ಮುಳುಗುವ ಮಾತು ಶುರುವಾಗುತ್ತದೆ, ನದಿಗೆ ಇಳಿಯಬೇಡಿ ಎಂದು ಡಂಗುರ ಸಾರುತ್ತಾರೆ. ಅಂಥ ಹೊತ್ತಿನಲ್ಲಿ ಬುದ್ಧಿ ನೆಟ್ಟಗಿರುವ ಯಾವ ಅಂಬಿಗನೂ ಹರಿಗೋಲು ಹಾಕುವುದಿಲ್ಲ. ಬಲೆ ಮನೆಯ ಗೂಟಕ್ಕೆ ತೂಗುಬಿದ್ದಿರುತ್ತದೆ. ಆದರೆ ಹೋಟೆಲಿನ ಮುಂದೆ ಕಾರುಗಳ ಸಾಲು, ಒಳಗೆ ನೂರಾರು ತಟ್ಟೆ. ಅಷ್ಟು ಮೀನು ಎಲ್ಲಿಂದ ಬಂತು? ಆಂಧ್ರದ ಕೊಲ್ಲೇರು ಸುತ್ತಲಿನ ಸಾಕಣೆ ಕೆರೆಗಳಿಂದ, ಲಾರಿಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ. ಹೊಳೆ ತುಂಬಿ ಹರಿಯುವುದನ್ನು ನೋಡುತ್ತಾ ಜನ ಚಪ್ಪರಿಸುವುದು ಈ ಹೊಳೆಯನ್ನು ಎಂದೂ ಕಾಣದ ಮೀನನ್ನು.

ಆಂಧ್ರದ ಮೀನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದೇಶದ ಅರ್ಧ ಊರುಗಳಲ್ಲಿ ಜನ ತಿನ್ನುವುದು ಅದನ್ನೇ, ಕಲಬುರಗಿಯ ಮಾರುಕಟ್ಟೆಯಲ್ಲೂ ಅದು ಸಿಗುತ್ತದೆ. ಅಲ್ಲೇ ಸಿಗುವುದಕ್ಕೆ ಇಲ್ಲಿಯವರೆಗೆ ಡೀಸೆಲ್ ಸುಟ್ಟು ಬಂದು ಹೊಳೆ ಮೀನಿನ ದರ ಕೊಡುವುದೇಕೆ ಎಂಬುದಷ್ಟೇ ನನ್ನ ತಕರಾರು. ಜೊತೆಗೆ ರೋಹು, ಕಾಟ್ಲಾ, ಮೃಗಾಲ್ ಮೂರೂ ಮೊಟ್ಟೆ ಇಡುವುದು ಮಳೆಗಾಲದ ಹರಿಯುವ ನೀರಿನಲ್ಲಿ. ಮೊಟ್ಟೆ ಬಿಟ್ಟ ಮೀನಿನ ಮಾಂಸ ಸಪ್ಪೆ, ಬಾಯಲ್ಲಿ ಹತ್ತಿಯ ಹಾಗೆ ಒಡೆಯುತ್ತದೆ.

ನನ್ನನ್ನು ಕೇಳಿದರೆ ಡಿಸೆಂಬರ್‌ನಿಂದ ಫೆಬ್ರವರಿ. ನೀರು ತಿಳಿ, ಮೀನು ದಷ್ಟಪುಷ್ಟ, ವಾರದ ನಡುವೆ ಹೋದರೆ ಜನವೂ ಇಲ್ಲ. ಬೇಸಿಗೆಯಲ್ಲಿ ಮೀನು ಹೇರಳವಾಗಿ ಸಿಗುತ್ತದೆ, ಆದರೆ ಕೆಸರು ವಾಸನೆ ಏರುತ್ತದೆ. ನಿಂತ ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಮೈ ಸೇರುವುದರಿಂದ ಈ ವಾಸನೆ. ಹುಳಿ ತಾಗಿದರೆ ಅದು ಮುರಿಯುತ್ತದೆ. ನಮ್ಮ ಕಡೆ ಮೀನಿಗೆ ಹುಣಸೆ ಹಿಂಡುವ ರೂಢಿ ವಿಜ್ಞಾನ ಓದಿ ಬಂದದ್ದಲ್ಲ, ಆದರೆ ಸರಿಯಾಗಿಯೇ ಇದೆ.

ಇನ್ನು ಮಿರಗ. ಜೂನ್ ಮೊದಲ ವಾರ ದಾಟಿದ ಕೂಡಲೇ ಮೃಗಶಿರ ಮಳೆ ಕೂಡುವ ದಿನ ಮೀನು ತಿನ್ನಬೇಕೆಂಬುದು ತೆಲಂಗಾಣದಲ್ಲಿ ಇರುವಂತೆ ನಮ್ಮ ಮೂರು ಜಿಲ್ಲೆಗಳಲ್ಲೂ ಇರುವ ನಂಬಿಕೆ. ಅಸ್ತಮಾ ಇರುವವರು ಹೈದರಾಬಾದಿನ ನಾಂಪಲ್ಲಿ ಮೈದಾನಕ್ಕೆ ಹೋಗಿ ಬಾಯಲ್ಲಿ ಔಷಧಿ ಇಟ್ಟ ಜೀವಂತ ಕೊರಮೀನಿನ ಮರಿಯನ್ನು ನುಂಗಿ ಬರುತ್ತಾರೆ. ನಾನೂ ಜನರನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ವಾಸಿಯಾಗುತ್ತದೆಯೇ ಎಂದು ನನ್ನನ್ನು ಕೇಳಬೇಡಿ, ಕಾರು ನಡೆಸುವುದು ನನ್ನ ಕೆಲಸ. ಆ ದಿನ ಮಾತ್ರ ಯಾವ ಹೋಟೆಲಿಗೂ ಮೀನಿಗೆಂದು ಹೋಗುವುದಿಲ್ಲ. ದರ ನೆತ್ತಿಗೇರಿರುತ್ತದೆ, ಅಡುಗೆಯವರ ತಾಳ್ಮೆ ನೆಲ ಕಚ್ಚಿರುತ್ತದೆ.

ದಿನ ಗೊತ್ತಾಯಿತು. ಹೊತ್ತು ಹನ್ನೊಂದೂವರೆ, ತಪ್ಪಿದರೆ ಹನ್ನೆರಡು. ಬೆಳಗಿನ ಜಾವ ಎತ್ತಿದ ಬಲೆಯ ಮೀನು ಅಷ್ಟರಲ್ಲಿ ಹೋಟೆಲು ಮುಟ್ಟಿರುತ್ತದೆ. ಇನ್ನೊಂದು ಕಾರಣ ಎಣ್ಣೆ. ಹೊತ್ತು ಏರಿದಂತೆ ಕಡಾಯಿಯ ಎಣ್ಣೆ ಕಪ್ಪಾಗುತ್ತದೆ, ಮೀನು ಬಿಟ್ಟಾಗ ನೊರೆ ಎದ್ದು ಇಳಿಯುವುದೇ ಇಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25ನ್ನು ದಾಟಬಾರದೆಂದು 2018ರ ಜುಲೈಯಿಂದ ದೇಶದಲ್ಲಿ ನಿಯಮವಿದೆ. ಅಳೆಯುವ ಸಾಧನ ನನ್ನ ಬಳಿ ಇಲ್ಲ, ಮೂಗು ಇದೆ. ಎರಡು ಗಂಟೆಯ ನಂತರ ಬಂದವರಿಗೆ ಕರಿದದ್ದು ಬೇಡ, ಸಾರು ಹೇಳಿ ಎನ್ನುತ್ತೇನೆ.

ಛಾಯಾ ಭಗವತಿ ದರ್ಶನವೂ ಆಗಬೇಕೆನ್ನುವವರು ಮೊದಲು ಅಲ್ಲಿಗೆ ಹೋಗಿ ಬಂದು ಆಮೇಲೆ ಊಟಕ್ಕೆ ಕೂರುವುದು ವಾಸಿ. ಮೀನು ತಿಂದ ಮೇಲೆ ಗುಡಿಗೆ ಹೋಗಬಹುದೇ ಎಂಬ ಜಗಳ ನನ್ನ ಹಿಂದಿನ ಸೀಟಿನಲ್ಲಿ ಸಾಕಷ್ಟು ನಡೆದಿದೆ.

ಹೋಟೆಲಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಓಡುವುದು ಕಟಾಂಜನದ ಪಕ್ಕದ ಮೇಜಿಗೆ. ನಾನು ನನ್ನ ಗಿರಾಕಿಗಳನ್ನು ಅಡುಗೆಮನೆಯ ಬಾಗಿಲಿನ ಬಳಿ ಕೂರಿಸುತ್ತೇನೆ. ಮೊದಲು ಮುಖ ಗಂಟಿಕ್ಕುತ್ತಾರೆ. ಕಡಾಯಿಯಿಂದ ಎತ್ತಿದ ತುಂಡು ಹೊಳೆಯ ಕಡೆಯ ಮೇಜಿಗೆ ಮುಟ್ಟುವಷ್ಟರಲ್ಲಿ ನಡುವೆ ನಾಲ್ಕು ಮೇಜು, ಎರಡು ಮೆಟ್ಟಿಲು, ನಿಲ್ಲಿಸಿ ನೀರು ಕೇಳುವವರು, ಬಿಲ್ಲು ಕೇಳುವವರು. ಅಷ್ಟೆಲ್ಲ ದಾಟುವಷ್ಟರಲ್ಲಿ ಗಾಳಿಗೆ ಮೇಲ್ಪದರ ಮೆತ್ತಗಾಗಿರುತ್ತದೆ. ಬಾಗಿಲಿನ ಬಳಿ ಕೂತವರಿಗೆ ಎಣ್ಣೆ ಚಿಟಪಟ ಎನ್ನುತ್ತಿರುವಾಗಲೇ ತಟ್ಟೆ ಮುಂದಿರುತ್ತದೆ. ನೀರನ್ನು ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅದೇನು ತಣ್ಣಗಾಗುವುದಿಲ್ಲ.

ಮೇಜಿನ ಮೇಲೆ ಬಣ್ಣದ ಪಟ್ಟಿ ತಂದಿಡುತ್ತಾರೆ. ಮೊದಲ ಪುಟದಲ್ಲೇ ಪಾಂಫ್ರೆಟ್, ಸುರ್ಮಾಯಿ, ಸಿಗಡಿ, ಏಡಿ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಪ್ರವಾಸಿಗರು ಕೇಳುತ್ತಾರೆ ಎಂದು ಯಜಮಾನರು ಸೇರಿಸಿದ್ದಾರೆ. ಒಮ್ಮೆ ಉಡುಪಿ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಜುಲೈ ತಿಂಗಳಲ್ಲಿ ಇಲ್ಲಿ ಕೂತು ಪಟ್ಟಿ ತಿರುವಿ ನಕ್ಕುಬಿಟ್ಟರು. "ನಮ್ಮ ಮಲ್ಪೆಯಲ್ಲೇ ಈಗ ದೋಣಿ ದಡದಲ್ಲಿದೆ, ನಿಮಗೆ ಎಲ್ಲಿಂದ ಬಂತು?" ಅವರ ಮಾತು ಸರಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಗೇಟು ಬಿಡುವ ಜುಲೈಯಲ್ಲಿ ಇಲ್ಲಿ ಸಿಗುವ ಸುರ್ಮಾಯಿ ಒಂದೋ ಬಂಗಾಳ ಕೊಲ್ಲಿಯದು, ಇಲ್ಲವೇ ಶೀತಾಗಾರದಲ್ಲಿ ಬಹಳ ದಿನ ಕಳೆದದ್ದು. ಆ ಅಧಿಕಾರಿಗೆ ನಾನು ಕೊರಮೀನಿನ ಸಾರು ಹೇಳಿಸಿದೆ. ಹೊಳೆ ಮೀನಿಗೆ ಮೂಗು ಮುರಿಯುವವರು ಎರಡನೇ ಸಲ ಸಾರು ಹಾಕಿಸಿಕೊಂಡರು. ತಮ್ಮೂರಿನ ಬಂಗುಡೆಗೆ ಸಾಟಿಯಿಲ್ಲ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಬಿಡಬೇಕೆಂದೂ ಇಲ್ಲ.

ಪಟ್ಟಿಯನ್ನು ಮಡಚಿಟ್ಟು ನಾನು ಹಿಂದಿನ ಅಂಗಳಕ್ಕೆ ಹೋಗುತ್ತೇನೆ. ಅಲ್ಲಿ ಮೀನು ತೊಳೆಯುವ ಕಟ್ಟೆ ಇದೆ, ಕಟ್ಟೆಯ ಮೇಲೆ ಈಳಿಗೆ ಹಾಕಿಕೊಂಡು ಕೂತ ಅವ್ವ ಇದ್ದಾಳೆ. ಈ ಹೋಟೆಲಿನ ರುಚಿ ಇರುವುದು ಅವಳ ಕೈಯಲ್ಲಿ. ನಾನು ಕಿವಿರು ಎತ್ತಿ ನೋಡುವುದನ್ನು ಕಂಡು ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಈಗ ಅವಳೇ ಎತ್ತಿ ತೋರಿಸುತ್ತಾಳೆ: "ನೋಡು ತಮ್ಮಾ, ದಾಸವಾಳ." ಕಿವಿರು ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿ ಬಿದ್ದು ಹಾಲುಬಣ್ಣಕ್ಕೆ ಬಂದಿದ್ದರೆ ಬೇಡ. ಬೆರಳಿನಿಂದ ಬೆನ್ನು ಒತ್ತಿದರೆ ತಗ್ಗು ಉಳಿಯಬಾರದು. ಇವೆಲ್ಲ ಮಾರುಕಟ್ಟೆಗೆ ಹೋಗುವ ಯಾರಿಗೂ ಗೊತ್ತು. ಗೊತ್ತಿಲ್ಲದಿರುವುದು ಒಂದಿದೆ. ಪೆಟ್ಟಿಗೆಯ ತುಂಬ ಒಂದೇ ಅಳತೆಯ ಮೀನುಗಳಿದ್ದರೆ ಅವು ಹೆಚ್ಚಾಗಿ ಸಾಕಣೆ ಕೆರೆಯವು, ಒಂದೇ ದಿನ ಬಿಟ್ಟ ಮರಿ, ಒಂದೇ ದಿನ ಎಳೆದ ಬಲೆ. ಜಲಾಶಯದ ಬಲೆಯಲ್ಲಿ ದೊಡ್ಡದು, ಸಣ್ಣದು, ನಡುವೆ ನಾಲ್ಕು ಜಿಲೇಬಿ ಮೀನು (ತಿಲಾಪಿಯಾ), ಮೀಸೆಯ ಗಿರಲು, ಹೀಗೆ ಜಾತ್ರೆ ನೆರೆದಿರುತ್ತದೆ. ಅಂಥ ಬುಟ್ಟಿಯನ್ನು ಕಂಡರೆ ನನ್ನ ಜೀವ ಹಗುರವಾಗುತ್ತದೆ.

ಅವ್ವ ಕೆಲಸ ಮಾಡುವುದನ್ನು ನಿಂತು ನೋಡಬೇಕು. ಪೊರೆ ಕೆರೆದ ಮೀನಿಗೆ ಒಲೆಯ ಬೂದಿ, ಕಲ್ಲುಪ್ಪು ಹಾಕಿ ತಿಕ್ಕುತ್ತಾಳೆ, ಲೋಳೆ ಪೂರ್ತಿ ಬಿಡುವವರೆಗೆ. ಹೊಟ್ಟೆ ಸೀಳಿ ಪಿತ್ತದ ಚೀಲವನ್ನು ಒಡೆಯದಂತೆ ಎರಡು ಬೆರಳಿನಲ್ಲಿ ಎತ್ತುತ್ತಾಳೆ. ಅದು ಒಡೆದರೆ ಇಡೀ ಮೀನು ಕಹಿ. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ತುದಿಯಿಂದ ತುದಿಗೆ ಕೆರೆದು ತೆಗೆಯುತ್ತಾಳೆ. ಹೊಟ್ಟೆಯ ಒಳಗೋಡೆಯ ಕಪ್ಪು ಪೊರೆಯನ್ನೂ ಬಿಡುವುದಿಲ್ಲ. ಜನ ಮೀನಿನ ವಾಸನೆ ಎಂದು ಬೈಯುವುದರಲ್ಲಿ ಅರ್ಧ ಈ ಗೆರೆ ಮತ್ತು ಪೊರೆಯದೇ. ರಜೆಯ ದಿನ ಅವಳ ಪಕ್ಕದಲ್ಲಿ ಮೂವರು ಹುಡುಗರು ಕೂತು ಸಪಸಪ ಕತ್ತರಿಸುತ್ತಾರೆ, ಗೆರೆ ಹಾಗೇ ಉಳಿಯುತ್ತದೆ. ನಮ್ಮ ಮೀನನ್ನು ಅವ್ವನೇ ಕೊಯ್ಯಲಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿರುತ್ತೇನೆ.

ತೂಕದ ವಿಷಯ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಬೇಕು. ದರ ಇಡೀ ಮೀನಿನದೋ, ಕೊಯ್ದು ಶುಚಿ ಮಾಡಿದ್ದರದೋ? ಕಾಟ್ಲಾದ ತಲೆ ದೊಡ್ಡದು. ಪೊರೆ, ಕರುಳು, ಕಿವಿರಿನ ಜೊತೆಗೆ ತಲೆಯನ್ನೂ ಬಿಟ್ಟರೆ ಮೂರರಲ್ಲಿ ಒಂದು ಪಾಲು ಹೋಯಿತೆಂದೇ ಲೆಕ್ಕ. ಆ ತಲೆಯನ್ನು ಹೋಟೆಲಿಗೇ ಬಿಟ್ಟು ಬರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸಾರಿಗೆ ಸತ್ವ ಕೊಡುವುದೇ ಅದು. ದುಡ್ಡು ಕೊಟ್ಟಿದ್ದೀರಿ, ತಲೆ ಸಾರಿಗೆ ಹಾಕಿ ಎಂದು ಹೇಳಿ. ನಾಲ್ಕೈದು ಜನಕ್ಕೆ ಎರಡು ಕಿಲೋದ ಒಂದು ಮೀನು ಸಾಕು: ನಡುವಿನ ತುಂಡುಗಳು ಕರಿಯಲು, ತಲೆ ಬಾಲ ಸಾರಿಗೆ.

ಮಕ್ಕಳಿದ್ದರೆ ಲೆಕ್ಕ ಬೇರೆ. ರೋಹು, ಕಾಟ್ಲಾ, ಮೃಗಾಲ್‌ಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಬೆನ್ನಿನ ಕಡೆ, ಬಾಲದ ಕಡೆ ಹೆಚ್ಚು. ಹೊಟ್ಟೆಯ ತುಂಡಿನಲ್ಲಿ ಪಕ್ಕೆಲುಬು ಮಾತ್ರ, ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮಕ್ಕಳಿಗೂ ಮೀನು ರೂಢಿಯಿಲ್ಲದವರಿಗೂ ಹೊಟ್ಟೆಯ ತುಂಡನ್ನೇ ಕೇಳಿ ಪಡೆಯುತ್ತೇನೆ. ಕೈ ಸ್ವಲ್ಪ ಸಡಿಲವಿದ್ದರೆ ಕೊರಮೀನು. ಅದರ ಮಾಂಸದಲ್ಲಿ ಈ ಕಳ್ಳ ಮುಳ್ಳುಗಳಿಲ್ಲ. ಗಾಳಿ ಉಸಿರಾಡುವ ಮೀನಾದ್ದರಿಂದ ಮುಚ್ಚಿದ ತೊಟ್ಟಿಯಲ್ಲಿ ಜೀವಂತ ಇಟ್ಟಿರುತ್ತಾರೆ, ತಾಜಾತನದ ಪ್ರಶ್ನೆಯೇ ಇಲ್ಲ. ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವ ಹಳೆಯ ಉಪಾಯ ಬೇಡ, ಮುಳ್ಳು ಇನ್ನೂ ಒಳಕ್ಕೆ ನಾಟಬಹುದು. ನಾನು ನೇರ ಸುರಪುರದ ಆಸ್ಪತ್ರೆಗೆ ಗಾಡಿ ತಿರುಗಿಸುತ್ತೇನೆ.

ಜಿಲೇಬಿಗೆ ಎಲ್ಲರೂ ಮೂಗು ಮುರಿಯುತ್ತಾರೆ. 1952ರಲ್ಲಿ ಹೊರಗಿನಿಂದ ತಂದು ಬಿಟ್ಟ ಮೀನು ಅದು, ಈಗ ಕೆರೆ ಹೊಳೆಗಳಲ್ಲೆಲ್ಲ ಅದರದೇ ದರ್ಬಾರು. ನಿಜ ಹೇಳಬೇಕೆಂದರೆ ಅಂಗೈಯಗಲದ ಜಿಲೇಬಿಯನ್ನು ಇಡಿಯಾಗಿ ಗೀರು ಹಾಕಿ ಗರಿಗರಿ ಕರಿದರೆ ದುಬಾರಿ ಮೀನುಗಳನ್ನು ಪಕ್ಕಕ್ಕೆ ಸರಿಸಬೇಕು. ದರವೂ ಕಡಿಮೆ. ಹೋಟೆಲಿನ ಹುಡುಗರು ತಮಗೆಂದು ಕರಿದುಕೊಳ್ಳುವುದು ಅದನ್ನೇ. ನನ್ನ ಅರ್ಧ ಜ್ಞಾನ ಹುಡುಗರ ತಟ್ಟೆ ನೋಡಿ ಬಂದದ್ದು.

ಕರಿಯುವ ಮಸಾಲೆಗೆ ಬಣ್ಣ ಬೇಡ ಎಂದು ಹೇಳುವುದನ್ನು ಮರೆಯುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗಳಿಗೆ, ಮೀನಿನದೂ ಸೇರಿ, ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆದರೂ ಪ್ರವಾಸಿಗರು ಕೆಂಪು ಕಂಡರೇ ಕೈ ಹಾಕುವುದು ಎಂಬ ನಂಬಿಕೆ ಹೋಟೆಲಿನವರಿಂದ ಸುಲಭಕ್ಕೆ ಹೋಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಅರಿಸಿನ, ಬೆಳ್ಳುಳ್ಳಿ ಶುಂಠಿ, ಉಪ್ಪು, ನಿಂಬೆ, ಮೇಲೆ ಒಂದು ಹಿಡಿ ಜೋಳದ ಹಿಟ್ಟು, ಇಷ್ಟು ಸಾಕು. ಕರಾವಳಿಯವರ ರವೆಯ ಜಾಗದಲ್ಲಿ ನಮ್ಮ ಜೋಳದ ಹಿಟ್ಟು. ಅಂಗೈಗೆ ಕೆಂಪು ಅಂಟಿ ಸಾಬೂನಿಗೂ ಹೋಗದಿದ್ದರೆ ಅದು ಮೆಣಸಿನಕಾಯಿಯಲ್ಲ.

ಇಷ್ಟೆಲ್ಲ ಹೇಳಿದರೂ ಅಲ್ಲಿ ನನಗೆ ಇಷ್ಟವಾದದ್ದು ಕರಿದ ಮೀನಲ್ಲ, ಸಾರು. ಒಣಕೊಬ್ಬರಿ, ಗಸಗಸೆ, ಹುರಿದ ಶೇಂಗಾ, ಚಿಟಿಕೆ ಮೆಂತ್ಯ ಅರೆದು, ಹುಣಸೆ ಹುಳಿ ಮುಂದಾಗಿ ಮಾಡಿದ ಸಾರು. ತೆಲಂಗಾಣದ ಪುಲುಸಿಗೂ ನಮ್ಮ ಅಡುಗೆಗೂ ನಡುವಿನ ಗಡಿಯಲ್ಲಿ ಕೂತ ಅಡುಗೆ ಇದು. ಅದು ಕುದಿದ ಕೂಡಲೇ ರುಚಿಸುವುದಿಲ್ಲ, ಒಂದೆರಡು ತಾಸು ಇಳಿಸಿಟ್ಟರೆ ಹುಳಿ ಖಾರ ತುಂಡಿನ ಒಳಗಿಳಿಯುತ್ತದೆ. ಅದಕ್ಕೇ ಬರುವ ದಾರಿಯಲ್ಲಿ ಸುರಪುರದಿಂದಲೇ ಫೋನ್ ಮಾಡಿ ಸಾರು ಮಾಡಿಸಿಡುತ್ತೇನೆ. ಅನ್ನದ ಜೊತೆ ತಿಂದರೆ ಅರ್ಧ ರುಚಿ. ಬಿಸಿ ಜೋಳದ ರೊಟ್ಟಿ ಮುರಿದು ತಟ್ಟೆಯಲ್ಲಿ ಹಾಕಿ, ಮೇಲೆ ಸಾರು ಸುರಿದು, ಅದು ಹೀರಿಕೊಳ್ಳುವವರೆಗೆ ಕಾದು, ಆಮೇಲೆ ಬೆರಳಿಡಬೇಕು. ತೊಗರಿ ಬೇಳೆ ಬಿಟ್ಟು ಬೇರೆ ಸಾರೇ ಗೊತ್ತಿಲ್ಲದ ಕಲಬುರಗಿಯ ಹಿರಿಯರೊಬ್ಬರು ಹೀಗೆ ಉಂಡು, ಮನೆಯಲ್ಲಿ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡಿದ್ದರು. ಹೆಸರು ಹೇಳುತ್ತಿಲ್ಲವಲ್ಲ.

ಬಿಲ್ಲು ಬಂದಾಗ ಕಿಲೋ ಲೆಕ್ಕ, ಕರಿದುಕೊಟ್ಟ ಕೂಲಿ, ರೊಟ್ಟಿಯ ಎಣಿಕೆ ಮೂರನ್ನೇ ನೋಡುತ್ತೇನೆ. ಜನಸಂದಣಿಯ ದಿನ ಪಕ್ಕದ ಮೇಜಿನ ತಟ್ಟೆ ನಮ್ಮ ಚೀಟಿಗೆ ಹತ್ತುವುದು ಎಲ್ಲ ಕಡೆಯೂ ಇರುವುದೇ. ಜಗಳ ಬೇಡ, ಚೀಟಿ ತಿರುಗಿಸಿ ಓದಿ ಹೇಳಿದರೆ ತಿದ್ದಿಕೊಡುತ್ತಾರೆ. ಅವ್ವನ ಕೈಗೆ ಪ್ರತ್ಯೇಕವಾಗಿ ಏನಾದರೂ ಕೊಡಿ. ಬಡಿಸುವ ಹುಡುಗರಿಗೆ ಎಲ್ಲರೂ ಕೊಡುತ್ತಾರೆ, ಹಿಂದಿನ ಕಟ್ಟೆಯ ತನಕ ಯಾರೂ ಹೋಗುವುದಿಲ್ಲ.

ಉಂಡ ಮೇಲೆ ಅರ್ಧ ಜನಕ್ಕೆ ಹಸಿ ಮೀನು ಮನೆಗೆ ಒಯ್ಯುವ ಆಸೆ ಹುಟ್ಟುತ್ತದೆ. ಒಯ್ಯಬಹುದು. ಇಡಿಯಾಗಿ ಬೇಡ, ಕರುಳು ಕಿವಿರು ಅಲ್ಲೇ ತೆಗೆಸಬೇಕು, ಕೆಡುವುದು ಅಲ್ಲಿಂದಲೇ ಶುರು. ಮೀನು ಎಷ್ಟು ತೂಕವೋ ಅಷ್ಟೇ ತೂಕದ ಮಂಜುಗಡ್ಡೆ ಬೇಕು, ಪುಡಿ ಮಾಡಿ ಒಂದು ಪದರ ಮಂಜು, ಒಂದು ಪದರ ಮೀನು. ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ಮುಟ್ಟುವ ಹೊತ್ತಿಗೆ, ಅದೂ ನಮ್ಮ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಮೀನು ಬೇಯದಿದ್ದರೂ ಬೆಂದಷ್ಟಾಗಿರುತ್ತದೆ. ಮುಚ್ಚಳ ಬಿಗಿಯಾದ ಬಕೆಟ್ ತಂದವರ ಮೀನನ್ನು ಮಾತ್ರ ಡಿಕ್ಕಿಯಲ್ಲಿ ಇಡಿಸುತ್ತೇನೆ. ಹೋದ ಚಳಿಗಾಲದಲ್ಲಿ ಒಬ್ಬರು ಬಕೆಟ್ ಇಲ್ಲದೆ ಬಂದು, ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದರು. ಹುಣಸಗಿಯಲ್ಲಿ ಗಾಡಿ ನಿಲ್ಲಿಸಿ, ಅಂಗಡಿ ತೋರಿಸಿ, ಬಕೆಟ್ ಕೊಳ್ಳಿಸಿಯೇ ಮುಂದೆ ಹೊರಟೆ.